ಅಂಕಿಗಳನ್ನು ಜನರಿಗೆ ಮುಟ್ಟಿಸುವ ಕೆಲಸ



ದತ್ತಾಂಶ ವಿಜ್ಞಾನ ಎಂಬ ಹೆಸರು ನಿಮಗೆ ಹೊಸದಲ್ಲ. ಡೇಟಾ ಸೈನ್ಸ್ ಎಂದರಂತೂ ಕಾಲೇಜು ಸೇರುವ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಈ ಮೂರನ್ನೂ ಕೂಡಿಸಿಕೊಂಡು, ರಾಶಿ ರಾಶಿ ಅಂಕಿ-ಅಂಶಗಳಿಂದ ತಿಳಿವಳಿಕೆಯನ್ನು ಹೊರತೆಗೆಯುವ ವಿದ್ಯೆ ಅದು. ಇದನ್ನು ಓದಿದವರು ಏನು ಮಾಡುತ್ತಾರೆ ಎಂದು ಕೇಳಿದರೆ, ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕ ಮಾಡುತ್ತಾರೆ ಎಂಬ ಉತ್ತರ ಬರುತ್ತದೆ. ಅದೂ ನಿಜವೇ. ಆದರೆ ಒಂದು ವಿಶ್ವವಿದ್ಯಾನಿಲಯದಲ್ಲಿ ಇಂಥ ಸಂಶೋಧಕರ ತಂಡವೊಂದು ಇದ್ದರೆ ಅಲ್ಲಿ ಇನ್ನೊಂದು ಕೆಲಸವೂ ಇರುತ್ತದೆ. ತಂಡ ಕಂಡುಕೊಂಡದ್ದನ್ನು ಪತ್ರಿಕೆಗಳಿಗೆ, ಸರ್ಕಾರದ ಇಲಾಖೆಗಳಿಗೆ, ಶಾಲೆಗಳಿಗೆ, ಸಾಮಾನ್ಯ ಜನರಿಗೆ ಹೇಳುವುದು. ಅವರ ಪ್ರಶ್ನೆಗಳನ್ನು ಹಿಂತಿರುಗಿ ತಂಡಕ್ಕೆ ತಂದುಕೊಡುವುದು. ಇದಕ್ಕೆಂದೇ ನೇಮಕವಾದ ಸಂವಹನಾಧಿಕಾರಿಗಳು ಈಗ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಇದ್ದಾರೆ.

ಈ ಕೆಲಸವೆಂದರೆ ವಿಚಾರಗೋಷ್ಠಿಯ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದು, ಅತಿಥಿಗಳ ಭಾವಚಿತ್ರ ತೆಗೆಸುವುದು, ಪತ್ರಿಕಾ ಪ್ರಕಟಣೆ ಕಳಿಸುವುದು ಎಂದು ಭಾವಿಸುವವರು ಬಹಳ ಮಂದಿ. ಅವೆಲ್ಲ ಇರುತ್ತವೆ, ಅವುಗಳ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಈ ಕೆಲಸದ ತಿರುಳು ಬೇರೆ ಕಡೆ ಇದೆ. ಒಂದು ಅಂಕಿ ಸಂಶೋಧಕರ ಕೊಠಡಿಯಿಂದ ಹೊರಗೆ ಹೋಗುವಾಗ ಅದರ ಅರ್ಥವೂ ಅದರ ಜೊತೆಯಲ್ಲೇ ಹೋಗುತ್ತಿದೆಯೇ ಎಂದು ನೋಡಿಕೊಳ್ಳುವುದು ಅದು. ಅರ್ಥವನ್ನು ಹಿಂದೆ ಬಿಟ್ಟು ಅಂಕಿಯೊಂದೇ ಊರು ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ಕೆಲವು ನಿಜವಾದ ಸಂದರ್ಭಗಳನ್ನು ಹೇಳುತ್ತೇನೆ. ಒಂದು ಹಾಳೆ, ಒಂದು ಪೆನ್ಸಿಲ್ ಹತ್ತಿರ ಇರಲಿ. ನಡುನಡುವೆ ಸಣ್ಣ ಲೆಕ್ಕಗಳಿವೆ.

ಮೊದಲು ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಹೋಗೋಣ. ಅಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಇದೆ. ಅದರ ಎಂಜಿನಿಯರಿಂಗ್ ವಿಭಾಗದಲ್ಲಿ ಲಾರೆನ್ ಗಾರ್ಡ್ನರ್ ಎಂಬ ಪ್ರಾಧ್ಯಾಪಕಿ ಸಣ್ಣ ತಂಡವೊಂದನ್ನು ಕಟ್ಟಿಕೊಂಡು, ರೋಗಗಳು ಹರಡುವ ರೀತಿಯನ್ನು ಗಣಿತದ ಮೂಲಕ ಅಧ್ಯಯನ ಮಾಡುತ್ತಿದ್ದರು. ಅವರ ಬಳಿ ಚೀನಾದಿಂದ ಬಂದ ಎನ್‌ಶೆಂಗ್ ಡಾಂಗ್ ಎಂಬ ವಿದ್ಯಾರ್ಥಿ ಪಿಎಚ್.ಡಿ.ಯ ಮೊದಲ ವರ್ಷದಲ್ಲಿದ್ದ. ಜನವರಿ 2020. ವುಹಾನ್ ನಗರದಲ್ಲಿ ಹೊಸ ರೋಗವೊಂದು ಕಾಣಿಸಿಕೊಂಡ ಸುದ್ದಿ ಬರುತ್ತಿತ್ತು. ಎಲ್ಲೆಲ್ಲಿ ಎಷ್ಟು ಮಂದಿಗೆ ತಗುಲಿದೆ ಎಂಬುದನ್ನು ಒಂದು ನಕ್ಷೆಯ ಮೇಲೆ ತೋರಿಸಿದರೆ ಹೇಗೆ ಎಂದು ಇಬ್ಬರೂ ಮಾತನಾಡಿಕೊಂಡರು. ಡಾಂಗ್ ಅಂದೇ ರಾತ್ರಿ ಕುಳಿತು ನಕ್ಷೆ ಸಿದ್ಧಪಡಿಸಿದ. ಮರುದಿನ, ಅಂದರೆ ಜನವರಿ 22ರಂದು, ಅದನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು.

ಮೊದಲ ಹತ್ತು ದಿನ ಅಂಕಿಗಳನ್ನು ಕೈಯಿಂದಲೇ ತುಂಬಿದರು, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಫೆಬ್ರವರಿ 1ರಿಂದ ಒಂದು ಭಾಗವನ್ನು ಯಂತ್ರಕ್ಕೆ ಒಪ್ಪಿಸಿದರು. ಅಷ್ಟರಲ್ಲಿ ಪ್ರಪಂಚದ ಪತ್ರಿಕೆಗಳು, ದೂರದರ್ಶನ ಕೇಂದ್ರಗಳು, ಆರೋಗ್ಯ ಇಲಾಖೆಗಳು ಆ ನಕ್ಷೆಯನ್ನೇ ನೋಡತೊಡಗಿದ್ದವು. ಕಪ್ಪು ಹಿನ್ನೆಲೆ, ಅದರ ಮೇಲೆ ಕೆಂಪು ವೃತ್ತಗಳು. ಆ ದಿನಗಳಲ್ಲಿ ನೀವೂ ಮನೆಯಲ್ಲಿ ಅದನ್ನು ಕಂಡಿರಬಹುದು. ಮಾರ್ಚ್ ತಿಂಗಳಿನಲ್ಲಿ ದಿನಕ್ಕೆ ನೂರು ಕೋಟಿಗೂ ಹೆಚ್ಚು ಕೋರಿಕೆಗಳು ಆ ನಕ್ಷೆಗೆ ಬರುತ್ತಿದ್ದವು. ನೂರು ಕೋಟಿ ಜನ ಎಂದು ಓದಿಕೊಳ್ಳಬೇಡಿ. ಒಬ್ಬರೇ ನಕ್ಷೆಯನ್ನು ತೆರೆದು ಅತ್ತ ಇತ್ತ ಸರಿಸಿದರೂ ಅವರ ಯಂತ್ರದಿಂದ ಹತ್ತಾರು ಕೋರಿಕೆಗಳು ಹೋಗುತ್ತವೆ. ಹೀಗೆ ನಕ್ಷೆಯ ಜನಪ್ರಿಯತೆಯನ್ನು ಹೇಳುವ ಅಂಕಿಗೂ ಪಕ್ಕದಲ್ಲಿ ಒಂದು ವಿವರಣೆ ಬೇಕಾಯಿತು ನೋಡಿ.

ಒಬ್ಬ ಪ್ರಾಧ್ಯಾಪಕಿ, ಒಬ್ಬ ವಿದ್ಯಾರ್ಥಿ, ಇನ್ನು ಕೆಲವರು. ಅವರ ಲೆಕ್ಕವನ್ನು ಇಡೀ ಲೋಕ ನಂಬಿ ಕುಳಿತಿತ್ತು. ನಕ್ಷೆಯನ್ನು ನಡೆಸುವ ಕೆಲಸಕ್ಕೆ ಮುಂದೆ ವಿಶ್ವವಿದ್ಯಾನಿಲಯದ ಇತರ ವಿಭಾಗಗಳ ಎಂಜಿನಿಯರುಗಳು, ವೈದ್ಯರು, ಸಾರ್ವಜನಿಕ ಆರೋಗ್ಯ ತಜ್ಞರು ಕೈಜೋಡಿಸಿದರು. ಆದರೆ ಮೊದಲ ವಾರಗಳಲ್ಲಿ ಬಂದ ಪ್ರಶ್ನೆಗಳನ್ನು ಎದುರಿಸಿದ್ದು ಆ ಪುಟ್ಟ ತಂಡವೇ. ಆ ಪ್ರಶ್ನೆಗಳು ಎಂಥವು ಎಂದು ನೋಡಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ.

ಫೆಬ್ರವರಿ 13ನೆಯ ತಾರೀಖು ಚೀನಾದ ಹುಬೇ ಪ್ರಾಂತ್ಯ ಒಂದೇ ದಿನದ ಲೆಕ್ಕದಲ್ಲಿ 14,840 ಹೊಸ ರೋಗಿಗಳನ್ನು ಘೋಷಿಸಿತು. ರೇಖಾಚಿತ್ರದಲ್ಲಿ ಗೆರೆ ಗೋಡೆಯಂತೆ ನೆಟ್ಟಗೆ ಮೇಲೆದ್ದಿತು. ರೋಗ ಒಂದೇ ರಾತ್ರಿಯಲ್ಲಿ ಹಲವು ಪಟ್ಟು ಹೆಚ್ಚಿತೆಂದು ನೋಡಿದವರು ಹೆದರಿದರು. ನಡೆದದ್ದು ಇಷ್ಟು. ಅದುವರೆಗೆ ಪ್ರಯೋಗಾಲಯದ ಪರೀಕ್ಷೆಯಲ್ಲಿ ಖಚಿತವಾದವರನ್ನು ಮಾತ್ರ ಎಣಿಸುತ್ತಿದ್ದರು. ಅಂದಿನ ಲೆಕ್ಕದಿಂದ, ಎದೆಯ ಸ್ಕ್ಯಾನ್ ಮತ್ತು ಲಕ್ಷಣಗಳನ್ನು ನೋಡಿ ವೈದ್ಯರು ರೋಗವೆಂದು ತೀರ್ಮಾನಿಸಿದವರನ್ನೂ ಸೇರಿಸಿಕೊಂಡರು. ಹಾಗೆ ಸೇರಿದವರು 13,332. ಹಾಳೆಯ ಮೇಲೆ ಕಳೆದು ನೋಡಿ. ಉಳಿಯುವುದು 1,508. ಹಿಂದಿನ ದಿನಗಳ ಸಂಖ್ಯೆಗಿಂತ ಅದು ಹೆಚ್ಚೇನೂ ಅಲ್ಲ. ಬದಲಾದದ್ದು ಎಣಿಸುವ ಕ್ರಮ. ಈ ಒಂದು ವಾಕ್ಯ ನಕ್ಷೆಯ ಪಕ್ಕದಲ್ಲಿ ಇದ್ದರೆ ಓದುಗನಿಗೆ ವಿಷಯ ತಿಳಿಯುತ್ತದೆ. ಇಲ್ಲದಿದ್ದರೆ ಭಯ ಮಾತ್ರ ಸಿಗುತ್ತದೆ. ಆ ವಾಕ್ಯವನ್ನು ಬರೆಯುವುದು, ಸಂಜೆಯ ವಾರ್ತೆಗೆ ಮೊದಲೇ ಬರೆಯುವುದು, ಸಂವಹನದ ಕೆಲಸ.

ನಕ್ಷೆಯ ಬಣ್ಣವೂ ಚರ್ಚೆಗೆ ಬಂದಿತು. ಕಪ್ಪಿನ ಮೇಲೆ ಕೆಂಪು ಎಂದರೆ ಅಪಾಯ ಎಂದೇ ಮನಸ್ಸು ಓದುತ್ತದೆ. ಅಲ್ಲದೆ ವೃತ್ತಗಳು ಒಟ್ಟು ರೋಗಿಗಳ ಸಂಖ್ಯೆಗೆ ತಕ್ಕಂತೆ ದೊಡ್ಡದಾಗುತ್ತಿದ್ದವು, ಜನಸಂಖ್ಯೆಗೆ ಹೋಲಿಸಿ ಅಲ್ಲ. ಹತ್ತು ಲಕ್ಷ ಜನರಿರುವ ಊರಿನಲ್ಲಿ ನೂರು ರೋಗಿಗಳೂ ಹತ್ತು ಸಾವಿರ ಜನರಿರುವ ಊರಿನಲ್ಲಿ ನೂರು ರೋಗಿಗಳೂ ಒಂದೇ ಗಾತ್ರದ ವೃತ್ತ. ನಕ್ಷೆ ಬಿಡಿಸುವುದನ್ನೇ ವೃತ್ತಿಯಾಗಿ ಉಳ್ಳವರು ಇಂಥ ನಕ್ಷೆಗಳ ಬಗ್ಗೆ ಆಗಲೇ ಎಚ್ಚರಿಕೆ ನೀಡಿದರು. ನನ್ನ ಅಭಿಪ್ರಾಯ ಕೇಳಿದರೆ, ಬೇಗ ಮಾಡಬೇಕಾಗಿದ್ದ ಕೆಲಸದಲ್ಲಿ ಇದು ಕ್ಷಮಿಸಬಹುದಾದ ಕೊರತೆ. ಆದರೆ ನಾಳೆ ನೀವು ಇಂಥ ನಕ್ಷೆ ಮಾಡುವಾಗ ಬಣ್ಣವನ್ನು ಅಂದಕ್ಕಾಗಿ ಆರಿಸಬೇಡಿ. ಬಣ್ಣವೂ ಒಂದು ಮಾತು.

ಹೆಸರೂ ಹಾಗೆಯೇ. 2020ರ ಮಾರ್ಚ್ ತಿಂಗಳಿನಲ್ಲಿ ಆ ನಕ್ಷೆಯಲ್ಲಿ ತೈವಾನ್ ಎಂಬ ಹೆಸರಿನ ಬದಲು ‘ತೈಪೆ ಮತ್ತು ಸುತ್ತಲಿನ ಪ್ರದೇಶ’ ಎಂಬರ್ಥದ ಹೆಸರು ಬಂದಿತು. ಆಕ್ಷೇಪಣೆಗಳು ಬಂದ ಮೇಲೆ ಹಳೆಯ ಹೆಸರನ್ನೇ ಮರಳಿ ಹಾಕಿದರು. ಎಂಜಿನಿಯರಿಗೆ ಅದು ಪಟ್ಟಿಯ ಒಂದು ಸಾಲು, ಆ ದ್ವೀಪದ ಜನರಿಗೆ ಅದು ತಮ್ಮ ದೇಶದ ಪ್ರಶ್ನೆ.

ನಕ್ಷೆಗೆ ಆಧಾರವಾದ ಕಡತಗಳನ್ನೂ ತಂಡ ಮುಚ್ಚಿಡಲಿಲ್ಲ. ಯಾರು ಬೇಕಾದರೂ ತೆಗೆದುಕೊಂಡು ಪರೀಕ್ಷಿಸುವಂತೆ ಗಿಟ್‌ಹಬ್ ಎಂಬ ಸಾರ್ವಜನಿಕ ಉಗ್ರಾಣದಲ್ಲಿ ಇಟ್ಟರು. ಇದರ ಫಲವನ್ನು ನೋಡಿ: ನಮ್ಮ ಜಿಲ್ಲೆಯ ಸಂಖ್ಯೆ ತಪ್ಪಾಗಿದೆ, ನಿನ್ನೆಯದೇ ಇಂದೂ ಬಂದಿದೆ, ಈ ಊರು ಆ ಪ್ರಾಂತ್ಯಕ್ಕೆ ಸೇರಿದ್ದಲ್ಲ ಎಂಬಂಥ ಸಾವಿರಾರು ತಿದ್ದುಪಡಿಗಳು ಪ್ರಪಂಚದ ಎಲ್ಲ ಕಡೆಯಿಂದ ಬಂದವು. ಜನಸಂಪರ್ಕವೆಂದರೆ ನಾವು ಹೇಳುವುದು, ಅವರು ಕೇಳುವುದು ಎಂದುಕೊಂಡವರಿಗೆ ಇದು ಆಶ್ಚರ್ಯ ತರಬಹುದು. ಕೇಳುತ್ತಿದ್ದವರೇ ಇಲ್ಲಿ ಲೆಕ್ಕವನ್ನು ಶುದ್ಧ ಮಾಡಿದರು. ಅದೇ ತಿಂಗಳು ಕೆಲವು ವಂಚಕರು ಆ ನಕ್ಷೆಯನ್ನೇ ಹೋಲುವ ಖೊಟ್ಟಿ ತಂತ್ರಾಂಶಗಳನ್ನು ಹರಡಿ, ತೆರೆದವರ ಗುಪ್ತಪದಗಳನ್ನು ಕದಿಯಲು ಯತ್ನಿಸಿದ್ದೂ ಉಂಟು. ನಂಬಿಕೆ ಇರುವ ಕಡೆಗೆ ಕಳ್ಳರೂ ಬರುತ್ತಾರೆ. ಅಸಲಿ ಯಾವುದು, ಎಲ್ಲಿ ನೋಡಬೇಕು ಎಂದು ಜನರಿಗೆ ತಿಳಿಸುವುದೂ ಆಗ ಕೆಲಸದ ಭಾಗವಾಗುತ್ತದೆ.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಆ ತಂಡ ಒಂದು ಅಂಕಿಯನ್ನು ನಿಲ್ಲಿಸಿದ ರೀತಿ. ನಕ್ಷೆಯಲ್ಲಿ ಮೊದಲಿನಿಂದಲೂ ‘ಗುಣಮುಖರಾದವರು’ ಎಂಬ ಒಂದು ಸಂಖ್ಯೆ ಇತ್ತು. ನೋಡುವವರಿಗೆ ಅದೊಂದೇ ಸಮಾಧಾನ. ಆದರೆ ಗುಣವಾಯಿತು ಎಂದರೇನು? ಆಸ್ಪತ್ರೆಯಿಂದ ಮನೆಗೆ ಹೋದರೆ ಗುಣವೇ, ಮರುಪರೀಕ್ಷೆಯಲ್ಲಿ ರೋಗಾಣು ಸಿಗದಿದ್ದರೆ ಗುಣವೇ, ಹದಿನಾಲ್ಕು ದಿನ ಕಳೆದರೆ ಗುಣವೇ? ಒಂದೊಂದು ದೇಶದ ಉತ್ತರ ಒಂದೊಂದು ಬಗೆ, ಕೆಲವು ಕಡೆ ಆ ಲೆಕ್ಕವೇ ಇಲ್ಲ. ಇವನ್ನೆಲ್ಲ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ. 2021ರ ಆಗಸ್ಟ್ ತಿಂಗಳಿನಲ್ಲಿ ತಂಡ ಆ ಅಂಕಿಯನ್ನು ಪ್ರಕಟಿಸುವುದನ್ನೇ ಬಿಟ್ಟಿತು. ಜನರಿಗೆ ಪ್ರಿಯವಾದ ಅಂಕಿಯನ್ನು ಕೈಬಿಡುವುದು ಸುಲಭವಲ್ಲ. ಸಂವಹನಾಧಿಕಾರಿ ಕೆಲವು ಸಲ ತನ್ನ ತಂಡಕ್ಕೇ ‘ಇದನ್ನು ಹೇಳಬೇಡಿ’ ಎನ್ನಬೇಕಾಗುತ್ತದೆ.

ಹೇಳಬಾರದ್ದು ಇನ್ನೊಂದು ಬಗೆಯದೂ ಇದೆ. ಬಾಲ್ಟಿಮೋರಿನ ನಕ್ಷೆಯ ವೃತ್ತಗಳು ದೇಶ, ಪ್ರಾಂತ್ಯ, ಹೆಚ್ಚೆಂದರೆ ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತಿದ್ದವು. ಯಾರ ಮನೆಯನ್ನೂ ಅವು ತೋರಿಸುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ, 2020ರ ಮಾರ್ಚ್ ತಿಂಗಳಲ್ಲಿ, ನಮ್ಮ ಬೆಂಗಳೂರಿನಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿ ಇರಬೇಕಾದವರ ವಿಳಾಸಗಳ ಪಟ್ಟಿಯನ್ನು ಸರ್ಕಾರ ಬಹಿರಂಗಪಡಿಸಿತು. ಹೆಸರು ಇರಲಿಲ್ಲ, ನಿಜ. ಆದರೆ ಬಡಾವಣೆ, ಅಡ್ಡರಸ್ತೆ, ಮನೆಯ ಸಂಖ್ಯೆ ಇದ್ದಮೇಲೆ ಅಕ್ಕಪಕ್ಕದವರಿಗೆ ಹೆಸರು ಬೇಕೇ? ಅಂಥವರಿಗೆ ರೋಗ ಇದೆ ಎಂದಲ್ಲ, ಬರಬಹುದೆಂಬ ಶಂಕೆ ಮಾತ್ರ. ಸಾರ್ವಜನಿಕರ ಹಿತಕ್ಕಾಗಿ ಎಂಬ ಕಾರಣವನ್ನು ತಳ್ಳಿಹಾಕಲಾಗದು. ಆದರೂ, ಎಷ್ಟು ಮಂದಿ ಎಂಬ ಅಂಕಿಯೂ ಯಾರು ಎಂಬ ವಿವರವೂ ಬೇರೆ ಬೇರೆ ವಸ್ತುಗಳು ಎಂದು ಹೇಳುವವರು ಆ ಮೇಜಿನ ಬಳಿ ಒಬ್ಬರಾದರೂ ಇರಬೇಕಿತ್ತು.

ಈಗ ಇಂಗ್ಲೆಂಡಿಗೆ ಬರೋಣ. ಈ ಸಂಗತಿ ಸ್ವಲ್ಪ ಹಳೆಯದು. ಅಕ್ಟೋಬರ್ 1995ರಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ವೈದ್ಯರಿಗೆ ಒಂದು ಎಚ್ಚರಿಕೆಯ ಪತ್ರ ಕಳಿಸಿತು. ಹೊಸ ಬಗೆಯ ಕೆಲವು ಗರ್ಭನಿರೋಧಕ ಗುಳಿಗೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಗುಳಿಗೆಗಳಿಗಿಂತ ಸುಮಾರು ಎರಡು ಪಟ್ಟು ಎಂಬುದು ಅದರ ಸಾರ. ಸುದ್ದಿ ಪತ್ರಿಕೆಗಳಿಗೆ ಹೋಯಿತು. ಎರಡು ಪಟ್ಟು! ಶೇಕಡಾ ನೂರರಷ್ಟು ಹೆಚ್ಚಳ! ಎಷ್ಟೋ ಮಂದಿ ಹೆಂಗಸರು ಗುಳಿಗೆಯನ್ನೇ ನಿಲ್ಲಿಸಿಬಿಟ್ಟರು.

ಹಾಳೆ ತೆಗೆದುಕೊಳ್ಳಿ. ಹಳೆಯ ಗುಳಿಗೆ ತೆಗೆದುಕೊಳ್ಳುವ 7,000 ಮಂದಿಯಲ್ಲಿ ಒಬ್ಬರಿಗೆ ಈ ತೊಂದರೆ. ಹೊಸ ಗುಳಿಗೆಯಲ್ಲಿ 7,000 ಮಂದಿಯಲ್ಲಿ ಇಬ್ಬರಿಗೆ. ಒಂದರಿಂದ ಎರಡು, ಆದ್ದರಿಂದ ಎರಡು ಪಟ್ಟು. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಹೆಚ್ಚಿದ್ದು 7,000ಕ್ಕೆ ಒಬ್ಬರು. ಇನ್ನೊಂದು ಮಾತೂ ಇದೆ: ಗರ್ಭ ಧರಿಸುವುದರಿಂದಲೇ ರಕ್ತ ಹೆಪ್ಪುಗಟ್ಟುವ ಸಂಭವ ಈ ಗುಳಿಗೆಗಳಿಗಿಂತ ಹೆಚ್ಚು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾಗಿ ನಡೆದವೆಂದು ಅಂದಾಜು ಮಾಡಿದ್ದಾರೆ. ರಕ್ಷಣೆಗೆಂದು ಕೊಟ್ಟ ಅಂಕಿ ಅದು. ಪತ್ರದಲ್ಲಿ ‘ಎರಡು ಪಟ್ಟು’ ಎಂಬುದರ ಜೊತೆಗೆ ‘7,000ದಲ್ಲಿ ಒಬ್ಬರಿಂದ ಇಬ್ಬರಿಗೆ’ ಎಂಬ ನಾಲ್ಕಾರು ಪದಗಳು ಎದ್ದು ಕಾಣುವಂತಿದ್ದರೆ ಮರುದಿನದ ಶೀರ್ಷಿಕೆಗಳೇ ಬೇರೆ ಆಗುತ್ತಿದ್ದವು. ಪತ್ರಿಕೆಯವರನ್ನು ದೂರುವುದು ಸುಲಭ. ಅವರಿಗೆ ಯಾವ ರೂಪದಲ್ಲಿ ಅಂಕಿ ತಲುಪಿತೋ ಆ ರೂಪದಲ್ಲೇ ಅವರು ಅಚ್ಚು ಹಾಕಿದರು.

ಇಂಥ ಅನುಭವಗಳ ಹಿನ್ನೆಲೆಯಲ್ಲಿ 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ವಿಭಾಗದಲ್ಲಿ ವಿಂಟನ್ ಕೇಂದ್ರ ಎಂಬ ಪುಟ್ಟ ಸಂಸ್ಥೆ ಪ್ರಾರಂಭವಾಯಿತು. ಅಪಾಯ ಮತ್ತು ಆಧಾರಗಳನ್ನು ಜನರಿಗೆ ಹೇಗೆ ತಿಳಿಸಬೇಕು ಎಂಬುದೇ ಅದರ ಅಧ್ಯಯನದ ವಿಷಯವಾಗಿತ್ತು. ಅಧ್ಯಕ್ಷರಾಗಿದ್ದವರು ಡೇವಿಡ್ ಸ್ಪೀಗಲ್‌ಹಾಲ್ಟರ್ ಎಂಬ ಹೆಸರಾಂತ ಸಂಖ್ಯಾಶಾಸ್ತ್ರಜ್ಞರು. ಅದನ್ನು ದಿನನಿತ್ಯ ನಡೆಸುವ ಹೊಣೆ ಹೊತ್ತಿದ್ದವರು ಅಲೆಕ್ಸಾಂಡ್ರಾ ಫ್ರೀಮನ್. ಇವರು ಎಲ್ಲಿಂದ ಬಂದವರು ಗೊತ್ತೇ? ಬಿಬಿಸಿಯಲ್ಲಿ ಹದಿನಾರು ವರ್ಷ ವಿಜ್ಞಾನ ಕಾರ್ಯಕ್ರಮಗಳನ್ನು ತಯಾರಿಸಿದವರು. ದೂರದರ್ಶನದ ಕಾರ್ಯಕ್ರಮಕ್ಕೆ ಸೇರಿದ ಈ ಪುಟಗಳಲ್ಲಿ ಇದನ್ನು ಹೇಳಲು ನನಗೆ ಸ್ವಲ್ಪ ಸಂತೋಷವೇ ಆಗುತ್ತದೆ.

ಈ ಕೇಂದ್ರದ ಕೆಲಸಕ್ಕೆ ಒಂದು ಉದಾಹರಣೆ. 2021ರಲ್ಲಿ ಆಸ್ಟ್ರಾಜೆನೆಕಾ ಲಸಿಕೆಯಿಂದ ತೀರ ಅಪರೂಪವಾಗಿ ರಕ್ತ ಹೆಪ್ಪುಗಟ್ಟುತ್ತದೆ ಎಂಬ ವರದಿಗಳು ಬಂದವು. ಅದೇ ಲಸಿಕೆ ನಮ್ಮಲ್ಲಿ ಪುಣೆಯಲ್ಲಿ ತಯಾರಾಗಿ ಕೋವಿಶೀಲ್ಡ್ ಎಂಬ ಹೆಸರಿನಿಂದ ಕೋಟ್ಯಂತರ ಜನರಿಗೆ ಸಿಕ್ಕಿದ್ದು. ಗಾಬರಿ ಹಬ್ಬುವ ಎಲ್ಲ ಲಕ್ಷಣಗಳೂ ಇದ್ದವು. ಏಪ್ರಿಲ್ 7ರಂದು ಬ್ರಿಟನ್ ಸರ್ಕಾರದ ಪತ್ರಿಕಾಗೋಷ್ಠಿಯಲ್ಲಿ ವಿಂಟನ್ ಕೇಂದ್ರದವರು ಸಿದ್ಧಪಡಿಸಿದ ಒಂದು ಸರಳ ಪಟ್ಟಿಯನ್ನು ತೋರಿಸಿದರು. ಎಡಗಡೆ, ಲಸಿಕೆಯಿಂದ ಹದಿನಾರು ವಾರಗಳಲ್ಲಿ ತೀವ್ರ ನಿಗಾ ಘಟಕ ಸೇರುವುದು ತಪ್ಪಿದವರು. ಬಲಗಡೆ, ಲಸಿಕೆಯಿಂದ ಗಂಭೀರ ತೊಂದರೆಗೆ ಒಳಗಾಗಬಹುದಾದವರು. ಎರಡೂ ಒಂದು ಲಕ್ಷ ಜನರಿಗೆ ಇಷ್ಟು ಎಂಬ ಒಂದೇ ಅಳತೆಯಲ್ಲಿ. ಸೋಂಕು ಕಡಿಮೆ ಇರುವ ಪರಿಸ್ಥಿತಿಯಲ್ಲಿ, ಅರುವತ್ತರಿಂದ ಅರುವತ್ತೊಂಬತ್ತರ ವಯಸ್ಸಿನವರಿಗೆ ಎಡಗಡೆ 14.1, ಬಲಗಡೆ 0.2. ನೋಡಿದ ಕೂಡಲೆ ತೀರ್ಮಾನ ಮಾಡಬಹುದು. ಇಪ್ಪತ್ತರಿಂದ ಇಪ್ಪತ್ತೊಂಬತ್ತರವರಿಗೆ ಎಡಗಡೆ 0.8, ಬಲಗಡೆ 1.1. ಇಲ್ಲಿ ತಕ್ಕಡಿ ಬಲಕ್ಕೆ ವಾಲುತ್ತದೆ. ಮೂವತ್ತರ ಒಳಗಿನವರಿಗೆ ಬೇರೆ ಲಸಿಕೆ ಕೊಡಬೇಕೆಂದು ಅಂದೇ ಸಲಹೆ ಮಾಡಿದರು.

ಲಸಿಕೆ ಸುರಕ್ಷಿತ, ಹೆದರಬೇಡಿ ಎಂಬ ಒಂದೇ ಮಾತು ಆ ಪಟ್ಟಿಯಲ್ಲಿ ಇರಲಿಲ್ಲ. ಹಿತವೂ ಅಹಿತವೂ ಅಕ್ಕಪಕ್ಕದಲ್ಲಿ, ಒಂದೇ ಅಳತೆಯಲ್ಲಿ ಇದ್ದವು. ತೀರ್ಮಾನವನ್ನು ಜನರೇ ಮಾಡಬಲ್ಲರು ಎಂಬ ಗೌರವ ಅದರಲ್ಲಿದೆ. ಆದರೆ ನಿಮಗೆ ಒಂದು ಸಂದೇಹ ಬಂದಿರಬಹುದು: ಹೀಗೆ ನಮಗೆ ಇಷ್ಟು ಮಾತ್ರ ಗೊತ್ತು ಎಂದು ಒಪ್ಪಿಕೊಂಡರೆ ಜನರ ವಿಶ್ವಾಸ ಕುಸಿಯುವುದಿಲ್ಲವೇ? ಅಧಿಕಾರದಲ್ಲಿರುವವರಿಗೆ ಬಹಳ ಕಾಲದಿಂದ ಇರುವ ಭಯ ಇದೇ. ಕೇಂಬ್ರಿಜಿನವರು ಇದನ್ನು ಪ್ರಯೋಗ ಮಾಡಿಯೇ ನೋಡಿದರು. 5,780 ಮಂದಿಯ ಮೇಲೆ ನಡೆದ ಐದು ಪ್ರಯೋಗಗಳ ಫಲವನ್ನು 2020ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದನ್ನು ಬಿಬಿಸಿಯ ಸುದ್ದಿಯ ಮೂಲಕವೇ ನಡೆಸಿದ್ದರು. ಕಂಡುಬಂದದ್ದು ಇದು: ‘ಸಂಖ್ಯೆ ಇಷ್ಟು, ಆದರೆ ಇಷ್ಟರಿಂದ ಇಷ್ಟರವರೆಗೆ ಇರಬಹುದು’ ಎಂದು ಅಂಕಿಯಲ್ಲೇ ಹೇಳಿದರೆ ವಿಶ್ವಾಸ ಕಡಮೆಯಾಗುವುದು ಅತ್ಯಲ್ಪ. ‘ಇದರಲ್ಲಿ ಸ್ವಲ್ಪ ಅನಿಶ್ಚಿತತೆ ಇದೆ’ ಎಂದು ಬರಿ ಮಾತಿನಲ್ಲಿ ತೇಲಿಸಿ ಹೇಳಿದರೆ ಅದಕ್ಕಿಂತ ಹೆಚ್ಚು ಕಡಮೆಯಾಗುತ್ತದೆ.

ನಮ್ಮ ರಾಜ್ಯದಲ್ಲೂ ಇದಕ್ಕೆ ಒಳ್ಳೆಯ ನಿದರ್ಶನವಿದೆ. 2020ರ ಸೆಪ್ಟೆಂಬರ್ 3ರಿಂದ 16ರವರೆಗೆ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿ ಒಂದು ಸಮೀಕ್ಷೆ ನಡೆಯಿತು. ಆರೋಗ್ಯ ಇಲಾಖೆಯ ಜೊತೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಮೊದಲಾದ ಕಡೆಯ ವಿಜ್ಞಾನಿಗಳು ಇದರಲ್ಲಿ ಕೆಲಸ ಮಾಡಿದರು. ಆರಿಸಿದ ಸುಮಾರು ಹದಿನೈದೂವರೆ ಸಾವಿರ ಜನರ ರಕ್ತ ಮತ್ತು ಗಂಟಲ ದ್ರವವನ್ನು ಪರೀಕ್ಷಿಸಿ, ರೋಗ ಆಗ ಇದ್ದವರನ್ನೂ ಹಿಂದೆ ಬಂದುಹೋಗಿದ್ದವರನ್ನೂ ಲೆಕ್ಕ ಹಾಕಿದರು. ಶೇಕಡಾ 27.3. ಅದರ ಪಕ್ಕದಲ್ಲೇ, ನಿಜವಾದ ಬೆಲೆ 25.7ರಿಂದ 28.9ರ ನಡುವೆ ಇರಬಹುದು ಎಂದೂ ಬರೆದರು. ಜನಸಂಖ್ಯೆ 7.07 ಕೋಟಿ ಎಂದು ಹಿಡಿದು ನೀವೇ ಗುಣಿಸಿ. ಸುಮಾರು 1.93 ಕೋಟಿ ಬರುತ್ತದೆ.

ಆದರೆ ಆ ವೇಳೆಗೆ ಪ್ರತಿದಿನ ಸಂಜೆ ನಾವು ದೂರದರ್ಶನದಲ್ಲಿ ನೋಡುತ್ತಿದ್ದ ರಾಜ್ಯದ ಒಟ್ಟು ಪ್ರಕರಣಗಳು ಐದು ಲಕ್ಷವನ್ನೂ ಮುಟ್ಟಿರಲಿಲ್ಲ. ಪತ್ತೆಯಾದ ಪ್ರತಿಯೊಬ್ಬ ರೋಗಿಗೆ ಸುಮಾರು ನಲವತ್ತು ಮಂದಿ ಸೋಂಕು ತಗುಲಿದವರು ಇದ್ದರು ಎಂದು ಸಮೀಕ್ಷೆ ಹೇಳಿತು. ಹಾಗಾದರೆ ಸಂಜೆಯ ಅಂಕಿ ಸುಳ್ಳೇ? ಅಲ್ಲ. ಅದು ‘ಪರೀಕ್ಷೆ ಮಾಡಿಸಿಕೊಂಡು, ರೋಗವಿದೆಯೆಂದು ಖಚಿತವಾದವರ’ ಸಂಖ್ಯೆ. ಪತ್ರಿಕೆಗಳಲ್ಲಿ ಅದು ‘ಸೋಂಕಿತರು’ ಎಂಬ ಒಂದೇ ಪದವಾಗುತ್ತಿತ್ತು. ಖಚಿತವಾದವರು ಎಂಬುದಕ್ಕೂ ಸೋಂಕಿತರು ಎಂಬುದಕ್ಕೂ ನಡುವೆ ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಕನ್ನಡಿಗರು ನಿಂತಿದ್ದರು! ಕನ್ನಡದಲ್ಲಿ ವಿಜ್ಞಾನ ಬರೆಯುವವರು ಪದದ ಆಯ್ಕೆಯಲ್ಲಿ ಏಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ನಗುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಲಿ.

ಇಂಥ ತಂಡದಲ್ಲಿ ಈ ಕೆಲಸಕ್ಕೆ ಸೇರಬೇಕಾದರೆ ಏನು ಓದಿರಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇದಕ್ಕೆ ಒಂದೇ ದಾರಿಯಿಲ್ಲ. ಸಂಖ್ಯಾಶಾಸ್ತ್ರ ಓದಿ ಬರವಣಿಗೆ ಕಲಿತವರು ಇದ್ದಾರೆ, ಪತ್ರಿಕೋದ್ಯಮದಿಂದ ಬಂದು ಸಂಖ್ಯಾಶಾಸ್ತ್ರ ಕಲಿತವರೂ ಇದ್ದಾರೆ. ಸರಾಸರಿ, ಶೇಕಡಾವಾರು, ಸಂಭವನೀಯತೆ, ಮಾದರಿ ಸಮೀಕ್ಷೆ ಇಷ್ಟರ ಅರ್ಥ ಗಟ್ಟಿಯಾಗಿ ತಿಳಿದಿರಬೇಕು. ಇವುಗಳ ಮೊದಲ ಪಾಠ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ತನ್ನ ಭಾಷೆಯಲ್ಲಿ ನೇರವಾದ ವಾಕ್ಯ ಬರೆಯಲು ಬರಬೇಕು. ಇನ್ನೊಂದು ಗುಣ ಪುಸ್ತಕದಲ್ಲಿ ಸಿಗುವುದಿಲ್ಲ: ದೊಡ್ಡ ವಿದ್ವಾಂಸರ ಎದುರಿಗೆ ಕುಳಿತು ‘ಸಾರ್, ಇದು ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನುವ ಧೈರ್ಯ. ಅಲ್ಲಿ ಸಂಕೋಚಪಟ್ಟು ತಲೆಯಾಡಿಸಿದರೆ, ಅರ್ಥವಾಗದ ಮಾತೇ ಮರುದಿನ ಲಕ್ಷಾಂತರ ಜನರ ಮುಂದೆ ಹೋಗುತ್ತದೆ.

ಮತ್ತು ಇವರನ್ನು ಕೆಲಸ ಮುಗಿದ ಮೇಲೆ ಕರೆಯುವ ಪದ್ಧತಿ ತಪ್ಪು. ಪ್ರಬಂಧ ಸಿದ್ಧವಾಗಿದೆ, ಇನ್ನು ಪತ್ರಿಕೆಗೆ ಎರಡು ಸಾಲು ಬರೆದುಕೊಡಿ ಎಂದರೆ ಅವರು ಏನು ಮಾಡಿಯಾರು? ಏನನ್ನು ಎಣಿಸಬೇಕು, ಅದಕ್ಕೆ ಏನೆಂದು ಹೆಸರಿಡಬೇಕು ಎಂಬ ಮೊದಲ ದಿನದ ಮಾತುಕತೆಯಲ್ಲೇ ಅವರಿದ್ದರೆ, ಊರಿನ ಜನ ಆ ಹೆಸರನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂದು ಅಂದೇ ಹೇಳಬಲ್ಲರು.

ಬಾಲ್ಟಿಮೋರಿನ ನಕ್ಷೆಯ ಕಥೆಯ ಕೊನೆಯನ್ನು ಹೇಳಿಲ್ಲ. 2022ರಲ್ಲಿ ಲಾರೆನ್ ಗಾರ್ಡ್ನರ್ ಅವರಿಗೆ ಸಾರ್ವಜನಿಕ ಸೇವೆಗಾಗಿ ಲ್ಯಾಸ್ಕರ್ ಪ್ರಶಸ್ತಿ ಬಂದಿತು. 2023ರ ಮಾರ್ಚ್ 10ರಂದು ತಂಡ ಅಂಕಿ ಸಂಗ್ರಹಿಸುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ಅಮೆರಿಕದ ರಾಜ್ಯಗಳು ದಿನದಿನದ ಲೆಕ್ಕ ಕೊಡುವುದನ್ನು ಬಿಟ್ಟಿದ್ದವು, ಜನ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು ಸುಮ್ಮನಿರುತ್ತಿದ್ದರು. ಬರುತ್ತಿದ್ದ ಅಂಕಿಯಲ್ಲಿ ಹುರುಳು ಉಳಿದಿರಲಿಲ್ಲ. ಆದ್ದರಿಂದ ಇಂಥ ದಿನ ನಿಲ್ಲಿಸುತ್ತೇವೆ, ಇಂಥ ಕಾರಣಕ್ಕೆ, ಮುಂದೆ ಇಂಥ ಕಡೆ ನೋಡಿ ಎಂದು ಮುಂಚಿತವಾಗಿ ತಿಳಿಸಿ ನಿಲ್ಲಿಸಿದರು.

ಹಳೆಯ ಕಡತಗಳನ್ನು ಎಲ್ಲರಿಗೂ ಸಿಗುವಂತೆ ಹಾಗೆಯೇ ಇರಿಸಿದರು. ನಿಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಇದ್ದರೆ ಉಪನ್ಯಾಸಕರ ಸಹಾಯದಿಂದ ತೆರೆದು ನೋಡಿ. ದೇಶಕ್ಕೊಂದು ಸಾಲು, ದಿನಕ್ಕೊಂದು ಅಂಕಣ. ಭಾರತದ ಸಾಲಿನಲ್ಲಿ ಮೊದಲು ಸೊನ್ನೆಗಳು. 2020ರ ಜನವರಿ 30ರ ಅಂಕಣದಲ್ಲಿ 1 ಎಂದಿದೆ. ಅದು ವುಹಾನ್‌ನಿಂದ ರಜೆಗೆ ಕೇರಳಕ್ಕೆ ಮರಳಿದ್ದ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿ. ಕಡತದಲ್ಲಿ ಆ ವಿವರ ಇಲ್ಲ. ಸಾಲಿನ ಕೊನೆಗೆ, 2023ರ ಮಾರ್ಚ್ 9ರ ಅಂಕಣಕ್ಕೆ ಬಂದರೆ 4 ಕೋಟಿ 46 ಲಕ್ಷಕ್ಕೂ ಮಿಗಿಲಾದ ಒಂದು ಸಂಖ್ಯೆ ಇದೆ. ಆ ಸಂಖ್ಯೆಯನ್ನು ನಿಮ್ಮ ಊರಿನ ಏಳನೆಯ ತರಗತಿಯ ಮಕ್ಕಳಿಗೆ ಹೇಳಬೇಕಾಗಿದೆ ಎಂದಿಟ್ಟುಕೊಳ್ಳಿ. ಅದರ ಜೊತೆಗೆ ಯಾವ ಎರಡು ವಾಕ್ಯಗಳನ್ನು ಸೇರಿಸುತ್ತೀರಿ? ಹಾಳೆಯಲ್ಲಿ ಇನ್ನೂ ಜಾಗ ಉಳಿದಿದ್ದರೆ ಬರೆದು ನೋಡಿ.